ಮಾತ್ರೆಗೆ ರಜೆ ಕೊಡಬೇಡಿ, ಗಡ್ಡೆಯನ್ನು ಮತ್ತೆ ಪರೀಕ್ಷಿಸಿ

ಮುಂಬಯಿ, ಠಾಣೆ, ನವಿ ಮುಂಬಯಿಯ ಕನ್ನಡಿಗರು ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಬರೆಯುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಿಂದೆಯೂ ಉತ್ತರಿಸಿದ್ದೇನೆ. ಮತ್ತೆ ಬಂದಿದೆ, ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ನಾನು ಕ್ಯಾನ್ಸರ್ ಔಷಧಗಳ ಅಣುಗಳನ್ನು ವಿನ್ಯಾಸ ಮಾಡುವ ರಸಾಯನಶಾಸ್ತ್ರಜ್ಞೆ, ವೈದ್ಯೆಯಲ್ಲ. ಯಾರಿಗೆ ಎಷ್ಟು ಮಿಲಿಗ್ರಾಂ ಎಂದು ನನ್ನನ್ನು ಕೇಳಬೇಡಿ, ಹೇಳುವುದಿಲ್ಲ.

ತಂದೆಗೆ 62 ವರ್ಷ, ಬೀಡಿ ಸಿಗರೇಟು ಮುಟ್ಟಿದವರಲ್ಲ. ಇಜಿಎಫ್‌ಆರ್ ಮ್ಯುಟೇಶನ್ (ಜೀನಿನಲ್ಲಿ ಬದಲಾವಣೆ) ಇದೆ ಎಂದು ಜೆಫಿಟಿನಿಬ್ ಮಾತ್ರೆ ಕೊಟ್ಟರು. ಒಂದೂವರೆ ವರ್ಷ ಚೆನ್ನಾಗಿದ್ದರು. ಈಗ ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳೆದಿದೆ. ದೇಹ ಮಾತ್ರೆಗೆ ಒಗ್ಗಿಹೋಗಿದೆ, ಒಂದು ತಿಂಗಳು ನಿಲ್ಲಿಸಿ ಮತ್ತೆ ಶುರು ಮಾಡಿ ಎನ್ನುತ್ತಾರೆ ಪರಿಚಯದವರು. ಇಲ್ಲವೇ ದಿನಕ್ಕೆ ಎರಡು ಮಾತ್ರೆ ಕೊಡಬಹುದೇ? (ಡೊಂಬಿವಿಲಿಯ ಓದುಗರು)

ಎರಡೂ ಬೇಡ. ನಿಮ್ಮ ತಂದೆಯ ದೇಹ ಯಾವುದಕ್ಕೂ ಒಗ್ಗಿಲ್ಲ. ಬದಲಾಗಿರುವುದು ಗಡ್ಡೆ. ಅದರ ಕೋಟ್ಯಂತರ ಜೀವಕೋಶಗಳಲ್ಲಿ ಔಷಧಕ್ಕೆ ಬಗ್ಗದ ಕೆಲವು ಮೊದಲೇ ಇದ್ದಿರಬಹುದು, ಇಲ್ಲವೇ ಚಿಕಿತ್ಸೆಯ ನಡುವೆ ಹುಟ್ಟಿರಬಹುದು. ಉಳಿದವು ಸತ್ತಾಗ ಅವಕ್ಕೆ ಜಾಗ ಸಿಕ್ಕಿತು. ತಿಂಗಳು ಮಾತ್ರೆ ನಿಲ್ಲಿಸಿದರೆ ಆ ಮೊಂಡು ಜೀವಕೋಶಗಳು ಮೆತ್ತಗಾಗುವುದಿಲ್ಲ. ಇನ್ನೂ ಔಷಧಕ್ಕೆ ಬಗ್ಗುತ್ತಿರುವ ಭಾಗವೂ ತಡೆಯಿಲ್ಲದೆ ಬೆಳೆಯತೊಡಗುತ್ತದೆ. ಮಾತ್ರೆ ಬಿಟ್ಟ ಕೆಲವೇ ದಿನಗಳಲ್ಲಿ ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದವರ ವಿವರಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ.

ಗಡ್ಡೆ ಹೇಗೆ ಬದಲಾಗುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ಓದಿ. ಇಜಿಎಫ್‌ಆರ್ ಎಂಬುದು ಜೀವಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಪ್ರೋಟೀನ್. ಅದರಲ್ಲಿ ಕಿರಿದಾದ ಒಂದು ಪೊಟರೆಯಿದೆ. ಎಟಿಪಿ ಎಂಬ ಅಣು ಅಲ್ಲಿ ಕೂತರೆ ಸಂಕೇತ ಹೊರಡುತ್ತದೆ. ಜೆಫಿಟಿನಿಬ್ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತದೆ, ಆದರೆ ಅಲ್ಲಿ ಶಾಶ್ವತವಾಗಿ ಅಂಟಿಕೊಳ್ಳುವುದಿಲ್ಲ, ಕೂರುತ್ತದೆ, ಏಳುತ್ತದೆ. ಪೊಟರೆಯ ಒಳಬದಿಗೆ, 790ನೆಯ ಸ್ಥಾನದಲ್ಲಿ, ಥ್ರಿಯೋನಿನ್ ಎಂಬ ಅಮೈನೋ ಆಮ್ಲವಿದೆ (ಅಮೈನೋ ಆಮ್ಲಗಳೆಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು). ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದರೆ ಅಲ್ಲಿಗೆ ಮಿಥಿಯೋನಿನ್ ಬರುತ್ತದೆ. ಆಗ ಎಟಿಪಿಯ ಹಿಡಿತ ಬಿಗಿಯಾಗಿ ಜೆಫಿಟಿನಿಬ್ ಪೈಪೋಟಿಯಲ್ಲಿ ಸೋಲುತ್ತದೆ. ಇದೇ ಟಿ790ಎಂ, 2005ರಲ್ಲಿ ಪತ್ತೆಯಾಯಿತು. ಜೆಫಿಟಿನಿಬ್ ಅಥವಾ ಅದೇ ಬಗೆಯ ಎರ್ಲೋಟಿನಿಬ್ ಕೈಕೊಟ್ಟ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಸಿಗುತ್ತದೆ.

ಮಾತ್ರೆ ಇಮ್ಮಡಿಸಿದರೆ ಏಕಾಗದು? ನಮ್ಮ ಚರ್ಮ ಮತ್ತು ಕರುಳಿನ ಆರೋಗ್ಯವಂತ ಜೀವಕೋಶಗಳಲ್ಲೂ ಇಜಿಎಫ್‌ಆರ್ ಇದೆ. ಹೆಚ್ಚು ಕೊಟ್ಟರೆ ಅವಕ್ಕೂ ಪೆಟ್ಟು ಬೀಳುತ್ತದೆ. ಎರಡನೆಯ ಪೀಳಿಗೆಯ ಅಫಾಟಿನಿಬ್ ಪೊಟರೆಯಲ್ಲಿ ಶಾಶ್ವತವಾಗಿ ಅಂಟಿಕೊಳ್ಳುವಂತೆ ಮಾಡಿದ ಅಣು. ಆದರೆ ಅದು ಒಳ್ಳೆಯ ಪ್ರೋಟೀನನ್ನೂ ಹಿಡಿಯುತ್ತದೆ. ಟಿ790ಎಂ ಮಣಿಸುವಷ್ಟು ಕೊಡಲು ಹೋದರೆ ಮೈತುಂಬ ಗುಳ್ಳೆ, ನಿಲ್ಲದ ಭೇದಿ, ರೋಗಿಗೆ ತಡೆಯಲಾಗುವುದಿಲ್ಲ.

ನಮ್ಮ ಕ್ಷೇತ್ರದವರು ಅಣುವಿನ ಅಸ್ಥಿಪಂಜರವನ್ನೇ ಬದಲಿಸಿದ್ದು ಆ ಕಾರಣಕ್ಕೆ. ಮೂರನೆಯ ಪೀಳಿಗೆಯ ಒಸಿಮೆರ್ಟಿನಿಬ್ ಮಿಥಿಯೋನಿನ್ ಇರುವ ಪೊಟರೆಗೂ ಸರಿಯಾಗಿ ಹೊಂದುತ್ತದೆ, ಆರೋಗ್ಯವಂತ ಪ್ರೋಟೀನನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಅದಕ್ಕೊಂದು ಪುಟ್ಟ ಅಕ್ರಿಲಮೈಡ್ ತೋಳಿದೆ. ಆ ತೋಳು 797ನೆಯ ಸ್ಥಾನದ ಸಿಸ್ಟೀನ್‌ನಲ್ಲಿರುವ ಗಂಧಕದ ಪರಮಾಣುವನ್ನು ಹಿಡಿದರೆ ಮತ್ತೆ ಬಿಡುವುದಿಲ್ಲ. 2015ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಮುಂದೆ ಇದನ್ನೇ ಮೊದಲ ಔಷಧವಾಗಿ ಕೊಟ್ಟು ನೋಡಿದ ಫ್ಲೌರಾ ಪ್ರಯೋಗದಲ್ಲಿ ರೋಗ ಹತೋಟಿಯಲ್ಲಿದ್ದ ಮಧ್ಯಾಂಕ ಅವಧಿ (ಅರ್ಧದಷ್ಟು ರೋಗಿಗಳಿಗೆ ಇದಕ್ಕಿಂತ ಹೆಚ್ಚು, ಉಳಿದವರಿಗೆ ಕಡಿಮೆ) 18.9 ತಿಂಗಳು; ಹಳೆಯ ಮಾತ್ರೆಗಳಲ್ಲಿ 10.2 ತಿಂಗಳು.

ಮಂಜೂರಾತಿಯ ಅದೇ ವರ್ಷ ಅದಕ್ಕೂ ಬಗ್ಗದ ಗಡ್ಡೆಯ ವರದಿ ಬಂತು. 797ರ ಸಿಸ್ಟೀನ್ ಹೋಗಿ ಸೆರೀನ್ ಬಂದಿತ್ತು. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ: ಗಂಧಕವಿದ್ದಲ್ಲಿ ಆಮ್ಲಜನಕ. ಆಮ್ಲಜನಕ ಆ ತೋಳಿನ ಹಿಡಿತಕ್ಕೆ ಸಿಗುವುದಿಲ್ಲ. ಒಂದು ಪರಮಾಣು, ಅದಕ್ಕಾಗಿ ವರ್ಷಗಟ್ಟಲೆ ದುಡಿಮೆ. ಗಂಧಕದ ಆಸರೆಯೇ ಬೇಡದ, ಪೊಟರೆಯ ಪಕ್ಕದ ಇನ್ನೊಂದು ಸಂದಿನಲ್ಲಿ ಕೂರುವ, ಅಥವಾ ಪ್ರೋಟೀನನ್ನೇ ಜೀವಕೋಶದ ಕಸಕ್ಕೆ ತಳ್ಳಿಸುವ ಅಣುಗಳನ್ನು ಹಲವು ಗುಂಪುಗಳು ಕಟ್ಟಿವೆ. ಕೆಲವು ಮನುಷ್ಯರ ಮೇಲಿನ ಪ್ರಯೋಗದವರೆಗೆ ಹೋಗಿ ನಿಂತೂಹೋದವು. ನಾಲ್ಕನೆಯ ಪೀಳಿಗೆಯ ಮಾತ್ರೆ ತರಿಸಿಕೊಡುತ್ತೇನೆ ಎಂದು ಯಾರಾದರೂ ಮುಂಗಡ ಕೇಳಿದರೆ ಅವನು ಮೋಸಗಾರ. ಅಂಥ ಮಾತ್ರೆ ಬಳಕೆಗೆ ಬಂದಿಲ್ಲ.

ಮಾತ್ರೆ ಸೋತಿದೆ ಎಂದಷ್ಟೇ ತಿಳಿದರೆ ಏನೂ ತಿಳಿದಂತಾಗಲಿಲ್ಲ. ಟಿ790ಎಂ ಬಂದಿದ್ದರೆ ಒಸಿಮೆರ್ಟಿನಿಬ್ ಇದೆ. ಇಜಿಎಫ್‌ಆರ್ ದಾರಿಯನ್ನು ಬಿಟ್ಟು ಮೆಟ್ ಎಂಬ ಬೇರೆ ಪ್ರೋಟೀನಿನ ದಾರಿ ಹಿಡಿದಿದ್ದರೆ ಚಿಕಿತ್ಸೆ ಬೇರೆ. ಕೆಲವರಲ್ಲಿ ಗಡ್ಡೆ ಜಾತಿಯನ್ನೇ ಬದಲಿಸಿ ಸ್ಮಾಲ್ ಸೆಲ್ ಕ್ಯಾನ್ಸರ್ ಆಗುತ್ತದೆ, ಅದಕ್ಕೆ ಕಿಮೋ ಬೇಕು. ಒಂದೇ ಜಾಗದಲ್ಲಿ ಮಾತ್ರ ಬೆಳೆದಿದ್ದರೆ ಅಲ್ಲಿಗೆ ವಿಕಿರಣ ಕೊಟ್ಟು ಹಳೆಯ ಮಾತ್ರೆಯನ್ನೇ ಮುಂದುವರಿಸುವುದೂ ಉಂಟು. ಇದನ್ನೆಲ್ಲ ಊಹಿಸಿ ಹೇಳಲಾಗದು, ಪರೀಕ್ಷೆಯೇ ಹೇಳಬೇಕು. ಮೊದಲು ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಹುಡುಕಬಹುದು. ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮ್ಯುಟೇಶನ್ ಇಲ್ಲವೆಂದಲ್ಲ, ಗಡ್ಡೆಯ ತುಣುಕು ತೆಗೆಯುವ ಬಯಾಪ್ಸಿಗೆ ಹೋಗಬೇಕು. ಜಾತಿ ಬದಲಾಗಿದೆಯೇ ಎಂಬುದು ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ತಿಳಿಯುವುದಿಲ್ಲ. ಎರಡು ವರ್ಷ ಹಿಂದಿನ ವರದಿಯನ್ನು ಹಿಡಿದು ಇಂದಿನ ಔಷಧ ಕೇಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಕಾಗದದಲ್ಲಿರುವ ಗಡ್ಡೆ ಈಗ ಅವರ ಎದೆಯಲ್ಲಿಲ್ಲ.

ಮಾಟುಂಗದಲ್ಲಿ ಒಮ್ಮೆ ಮಾತನಾಡಿ ಕೆಳಗಿಳಿದಾಗ ಒಬ್ಬ ಗೃಹಿಣಿ ಗಂಡನ ಮಾತ್ರೆಯ ಪಟ್ಟಿ ತೋರಿಸಿದರು. ಪ್ರತಿ ಗುಳಿಯ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದ ತಾರೀಕು: 2, 4, 6, 8. ಮಾತ್ರೆ ಉಷ್ಣ, ದಿನ ಬಿಟ್ಟು ದಿನ ಕೊಡಿ, ನಡುವಿನ ದಿನ ನನ್ನ ಪುಡಿ ಕೊಡಿ ಎಂದು ಒಬ್ಬ ಪಂಡಿತ ಹೇಳಿದ್ದನಂತೆ. ಆಕೆ ಒಂದು ದಿನವೂ ತಪ್ಪಿಸಿರಲಿಲ್ಲ. ಅಂಥ ಶ್ರದ್ಧೆಯನ್ನು ಹೀಗೆ ಹಾಳುಮಾಡುವವರಿಗೆ ಶಿಕ್ಷೆಯಾಗಬೇಕು.

ಲಕ್ಷ್ಮಣಫಲದ ಎಲೆಯ ಕಷಾಯ ಕಿಮೋಗಿಂತ ಬಲವಾದದ್ದಂತೆ? (ಘಾಟ್ಕೋಪರ್)

ಅಲ್ಲ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯಲ್ಲವೇ? (ವಾಶಿ)

ಸೂಜಿಯ ದಾರಿಯಲ್ಲಿ ಹರಡುವುದು ಬಹಳ ಅಪರೂಪ. ಈ ಭಯದಿಂದ ಬಯಾಪ್ಸಿ ಮುಂದೂಡಿ ಹಾಳಾದವರು ಅಪರೂಪವಲ್ಲ.

ಮಾತ್ರೆಯಿದ್ದರೆ ಕಿಮೋ ಏಕೆ? ಡಾಕ್ಟರು ಎರಡೂ ಹೇಳುತ್ತಿದ್ದಾರೆ. (ಮುಲುಂಡ್)

ಡಾಕ್ಟರ ಮಾತು ಕೇಳಿ. ನಿಮ್ಮದೇ ಊರಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 350 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಜೆಫಿಟಿನಿಬ್ ಒಂದೇ ಪಡೆದವರಲ್ಲಿ ರೋಗ 8 ತಿಂಗಳು ಹತೋಟಿಯಲ್ಲಿತ್ತು, ಜೊತೆಗೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್ ಎಂಬ ಕಿಮೋ ಔಷಧಗಳನ್ನು ಪಡೆದವರಲ್ಲಿ 16 ತಿಂಗಳು. ಅಡ್ಡ ಪರಿಣಾಮಗಳು ಹೆಚ್ಚು, ಅದು ನಿಜ. ರೋಗಿಯ ಶಕ್ತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಅಮ್ಮನಿಗೆ ಒಸಿಮೆರ್ಟಿನಿಬ್ ನಡೆಯುತ್ತಿದೆ. ಈಗ ಟಿಬಿಯೂ ಇದೆ ಎಂದು ಬೇರೆ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದಾರೆ. ಎರಡೂ ತೆಗೆದುಕೊಳ್ಳಬಹುದೇ? (ಕಲ್ಯಾಣ)

ಈ ಪತ್ರ ನನ್ನನ್ನು ಹೆದರಿಸಿತು. ಟಿಬಿಯ ರಿಫಾಂಪಿಸಿನ್ ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಎಬ್ಬಿಸಿ, ರಕ್ತದಲ್ಲಿ ಒಸಿಮೆರ್ಟಿನಿಬ್ ಪ್ರಮಾಣವನ್ನು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿಸುತ್ತದೆ. ಜೆಫಿಟಿನಿಬ್ ಕಥೆಯೂ ಅದೇ. ಗಡ್ಡೆ ಬದಲಾಗದೆಯೇ ಔಷಧ ಸೋತಂತೆ ಕಾಣುತ್ತದೆ. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಟಿಬಿ ಚಿಕಿತ್ಸೆಯೂ ಬೇಕೇ ಬೇಕು. ಎರಡೂ ಚೀಟಿ ಹಿಡಿದು ನಾಳೆಯೇ ಕ್ಯಾನ್ಸರ್ ವೈದ್ಯರ ಬಳಿ ಹೋಗಿ. ಜೆಫಿಟಿನಿಬ್ ತೆಗೆದುಕೊಳ್ಳುವವರು ಎದೆಯುರಿಗೆಂದು ಅಂಗಡಿಯಲ್ಲಿ ಕೊಳ್ಳುವ ಆಮ್ಲ ತಗ್ಗಿಸುವ ಮಾತ್ರೆಯ ಹೆಸರನ್ನೂ ವೈದ್ಯರಿಗೆ ಹೇಳಬೇಕು, ಅದು ಹೊಟ್ಟೆಯಲ್ಲಿ ಔಷಧ ಹೀರಿಕೆಯನ್ನು ಕುಗ್ಗಿಸುತ್ತದೆ.

ಕಲಬುರಗಿಯಿಂದ ಅಣ್ಣನನ್ನು ಪರೇಲ್‌ನ ಆಸ್ಪತ್ರೆಗೆ ಕರೆಸುತ್ತಿದ್ದೇವೆ. ಏನೇನು ತರಲಿ? (ಸಾಯನ್)

ಸ್ಕ್ಯಾನ್‌ನ ಸಿಡಿ, ಎಲ್ಲ ವರದಿ, ನಡೆಯುತ್ತಿರುವ ಎಲ್ಲ ಮಾತ್ರೆಗಳ ಹೆಸರಿನ ಪಟ್ಟಿ. ಮೊದಲ ಬಯಾಪ್ಸಿ ಮಾಡಿದ ಪ್ರಯೋಗಾಲಯದಿಂದ ಗಾಜಿನ ಸ್ಲೈಡುಗಳ ಜೊತೆಗೆ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಅದರೊಳಗೆ ಗಡ್ಡೆಯ ತುಣುಕಿರುತ್ತದೆ, ಅದರಿಂದ ಇನ್ನಷ್ಟು ಪರೀಕ್ಷೆ ಮಾಡಬಹುದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಬಿಸಿಲಲ್ಲಿ ಕರಗಬಹುದು. ರೈಲಿನಲ್ಲಿ ಕಿಟಕಿಯ ಪಕ್ಕ ಇಡಬೇಡಿ.