ಲ್ಯಾಂಡಿಂಗ್ ಟೈಮಲ್ಲಿ ಹರಟೆ ಯಾಕೆ ಬೇಡ?

ಪ್ರಶ್ನೆ: ಸಾರ್, ನಮ್ಮಕ್ಕನ ಮಗ ಪೈಲಟ್ ಟ್ರೈನಿಂಗಲ್ಲಿದ್ದಾನೆ. ಸಿಮ್ಯುಲೇಟರಲ್ಲಿ ಲ್ಯಾಂಡಿಂಗ್ ಮಾಡ್ತಾ ಕ್ರಿಕೆಟ್ ಸ್ಕೋರ್ ಕೇಳಿದ್ದಕ್ಕೆ ಇನ್‌ಸ್ಟ್ರಕ್ಟರ್ ಸಖತ್ ಬೈದ್ರಂತೆ. ಒಂದು ಮಾತಿಗೆ ಇಷ್ಟೊಂದಾ?

ಉತ್ತರ: ಬೈದಿದ್ದು ಸರಿಯಾಗೇ ಇದೆ ಬಿಡಿ! ಟ್ಯಾಕ್ಸಿ (ಅಂದ್ರೆ ವಿಮಾನ ನೆಲದ ಮೇಲೆ ಓಡಾಡೋದು), ಟೇಕಾಫ್, ಲ್ಯಾಂಡಿಂಗ್, ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗಿರೋವಾಗೆಲ್ಲ ವಿಮಾನ ಓಡ್ಸೋಕೆ ಬೇಕಾದ ಮಾತು ಬಿಟ್ಟು ಬೇರೇನೂ ಆಡಂಗಿಲ್ಲ, ಸ್ಟೆರೈಲ್ ಕಾಕ್‌ಪಿಟ್ ರೂಲ್ ಅಂತಾರೆ. 1974ರಲ್ಲಿ ಅಮೆರಿಕದ ಶಾರ್ಲಟ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಮಂಜಲ್ಲಿ ಇಳೀತಿದ್ದಾಗ ಪೈಲಟ್‌ಗಳು ರಾಜಕೀಯ, ಹಳೇ ಕಾರು ಅಂತ ಮಾತಾಡ್ತಾ ಎತ್ತರದ ಮೇಲೆ ಗಮನಾನೇ ಇಡದೆ ರನ್‌ವೇಗೆ ಮುಂಚೆನೇ ನೆಲಕ್ಕೆ ಬಡಿದು 70ಕ್ಕೂ ಹೆಚ್ಚು ಜನ ತೀರ್ಕೊಂಡ್ರು, ಇಂಥವೆಲ್ಲ ನೋಡಿ 1981ರಲ್ಲಿ ಅಲ್ಲಿ ಈ ರೂಲ್ ತಂದ್ರು. ಕ್ಯಾಬಿನ್ ಕ್ರೂನೂ ಆ ಹೊತ್ತಲ್ಲಿ ಸುಮ್‌ಸುಮ್ನೆ ಕಾಕ್‌ಪಿಟ್‌ಗೆ ಫೋನ್ ಮಾಡಂಗಿಲ್ಲ, ಆದ್ರೆ ಹೊಗೆನೋ ಬೆಂಕಿನೋ ಕಂಡ್ರೆ ಕೂಡ್ಲೇ ಹೇಳ್ಬೇಕು. ಸ್ಕೋರ್ ಬೇಕಾದ್ರೆ ಕೆಳಗಿಳಿದ ಮೇಲೆ ನೋಡ್ಕೊಳ್ಳಿ ಬಿಡಿ.