ನಿಧಾನವಾಗಿ ಬರೆದ ಡಿಸ್ಕ್ ಹೆಚ್ಚು ಕಾಲ ಬಾಳುತ್ತದೆಯೇ?

ಪ್ರಶ್ನೆ: ತಂದೆಯವರ ಧ್ವನಿಮುದ್ರಣಗಳನ್ನೂ ಮನೆಯ ಹಳೆಯ ಫೋಟೋಗಳನ್ನೂ ಡಿವಿಡಿಗಳಿಗೆ ಬರೆದಿಡುತ್ತಿದ್ದೇನೆ. ವೇಗ ಕಡಿಮೆಯಾದಷ್ಟೂ ಡಿಸ್ಕಿನ ಆಯುಸ್ಸು ಹೆಚ್ಚು ಎಂದು ಸ್ನೇಹಿತರೊಬ್ಬರು ಹೇಳಿದ್ದರಿಂದ, 16 ಎಕ್ಸ್ (ಅಂದರೆ ಮೂಲ ವೇಗದ 16 ಪಟ್ಟಿನವರೆಗೆ ಬರೆಯಬಲ್ಲ) ಡಿಸ್ಕುಗಳನ್ನೂ ರೈಟರ್ (ಡಿಸ್ಕ್ ಬರೆಯುವ ಯಂತ್ರ) ಒಪ್ಪುವ ಅತಿ ಕಡಿಮೆ ವೇಗದಲ್ಲೇ ಬರೆಯುತ್ತಿದ್ದೇನೆ. ಇದು ಸರಿಯೇ?

ಉತ್ತರ: ನಿಮ್ಮ ಸ್ನೇಹಿತರ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಒಂದು, ಎರಡು ಎಕ್ಸ್ ವೇಗಕ್ಕೆಂದೇ ತಯಾರಾದ ಮೊದಮೊದಲ ಸಿಡಿಗಳಿಗೆ ಅದು ಹೊಂದುತ್ತಿತ್ತು; ಇಂದಿನ 16 ಎಕ್ಸ್ ಡಿವಿಡಿಗೆ ಹೊಂದುವುದಿಲ್ಲ.

ಇಂತಹ ಡಿಸ್ಕಿನೊಳಗೆ ಸಾವಯವ ಬಣ್ಣದ ತೆಳು ಪದರವಿರುತ್ತದೆ. ಬರೆದ ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಬರೆದ ಭಾಗಕ್ಕೂ ಖಾಲಿ ಭಾಗಕ್ಕೂ ನಡುವೆ ಬಣ್ಣ ಬದಲಾಗುವ ಉಂಗುರವೊಂದು ಕಾಣುತ್ತದೆ. ಲೇಸರಿನ ಶಾಖಕ್ಕೆ ಆ ಪದರ ಮಾರ್ಪಟ್ಟಿರುವುದರ ಗುರುತು ಅದು. ವೇಗ ಹೆಚ್ಚಿದಂತೆ ಒಂದೊಂದು ಗುರುತಿಗೆ ಸಿಗುವ ಸಮಯ ಕಡಿಮೆಯಾಗುವುದರಿಂದ ಲೇಸರ್ ಹೆಚ್ಚು ಪ್ರಖರವಾಗಬೇಕಾಗುತ್ತದೆ, ಮತ್ತು 16 ಎಕ್ಸ್ ಡಿಸ್ಕಿನ ಬಣ್ಣವನ್ನು ಅಂತಹ ಚುಟುಕು, ಪ್ರಖರ ಮಿಡಿತಗಳಿಗೆ ಸ್ಪಂದಿಸುವಂತೆಯೇ ಹದಗೊಳಿಸಿರುತ್ತಾರೆ. ತೀರಾ ನಿಧಾನವಾಗಿ ಬರೆದಾಗ ಶಾಖ ಅಕ್ಕಪಕ್ಕಕ್ಕೆ ಹರಡಿ ಗುರುತಿನ ಅಂಚು ಕದಡಬಹುದು. ಗರಿಷ್ಠ ವೇಗದಲ್ಲಿ ತೊಂದರೆ ಬೇರೆ: ಡಿಸ್ಕು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುವಾಗ ಅದರಲ್ಲಿರುವ ಅಲ್ಪ ಬಾಗು ಕೂಡ ಕಂಪನವಾಗಿ, ಹೊರ ಅಂಚಿನ ಬರಹ ಕೆಡುವ ಸಾಧ್ಯತೆ ಹೆಚ್ಚುತ್ತದೆ.

ಆಯುಸ್ಸಿಗೂ ಇದಕ್ಕೂ ಇರುವ ನಂಟು ಇಷ್ಟೇ. ಬರೆದ ಕ್ಷಣದಿಂದಲೇ ಪ್ರತಿ ಡಿಸ್ಕಿನಲ್ಲೂ ಒಂದಷ್ಟು ದೋಷಗಳಿರುತ್ತವೆ. ಓದುವ ಯಂತ್ರ ಅವನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಬಣ್ಣ ಮಾಸಿ ದೋಷಗಳು ಹೆಚ್ಚುತ್ತ ಹೋಗಿ, ತಿದ್ದುವ ಮಿತಿಯನ್ನು ದಾಟಿದ ದಿನ ಫೈಲು ತೆರೆಯುವುದಿಲ್ಲ. ಆದ್ದರಿಂದ ಕಡಿಮೆ ದೋಷದೊಂದಿಗೆ ಹುಟ್ಟಿದ ಡಿಸ್ಕಿಗೆ ಸವೆಯಲು ಹೆಚ್ಚು ಅವಕಾಶವಿರುತ್ತದೆ. ಬರೆದ ನಂತರ ಸಾಫ್ಟ್‌ವೇರ್ ಮಾಡುವ ವೆರಿಫೈ ಪರೀಕ್ಷೆ ದೋಷಗಳು ಆ ಮಿತಿಯಿಂದ ಎಷ್ಟು ದೂರದಲ್ಲಿವೆ ಎಂದು ತೋರಿಸುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಸದ್ಯಕ್ಕೆ ಓದಲು ಬರುತ್ತದೆ ಎಂದಷ್ಟೇ ಅದು ಹೇಳುತ್ತದೆ. ನಿಮ್ಮ ರೈಟರಿನಲ್ಲಿ ಪಿಐ ದೋಷಗಳನ್ನು (ಓದುವಾಗ ಮೊದಲ ಹಂತದ ತಿದ್ದುವಿಕೆಯಲ್ಲಿ ಸಿಕ್ಕಿಬೀಳುವ ದೋಷಗಳನ್ನು) ಅಳೆಯುವ ಸೌಲಭ್ಯವಿದ್ದರೆ, ಒಂದೇ ಕಟ್ಟಿನ ಮೂರು ಡಿಸ್ಕುಗಳನ್ನು 4, 8, 16 ಎಕ್ಸ್‌ನಲ್ಲಿ ಬರೆದು ಹೋಲಿಸಿ ನೋಡಿ. ಮಾನದಂಡದ ಪ್ರಕಾರ ಈ ದೋಷಗಳ ಸಂಖ್ಯೆ ಸತತ ಎಂಟು ಬ್ಲಾಕುಗಳಿಗೆ (ಒಟ್ಟಿಗೆ ತಿದ್ದಲಾಗುವ ದತ್ತಾಂಶದ ತುಣುಕುಗಳಿಗೆ) 280ನ್ನು ಮೀರಬಾರದು. ಒಳ್ಳೆಯ ಬರಹದಲ್ಲಿ ಅದಕ್ಕಿಂತ ಬಹಳ ಕೆಳಗಿರುತ್ತದೆ. ಅಳೆಯುವ ಅನುಕೂಲವಿಲ್ಲದಿದ್ದರೆ 8 ಎಕ್ಸ್ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ವೇಗಕ್ಕಿಂತಲೂ ಬಿಸಿಲು, ಸೆಕೆ, ತೇವಗಳೇ ಡಿಸ್ಕಿನ ದೊಡ್ಡ ಶತ್ರುಗಳು. ಡಬ್ಬಿಯಲ್ಲಿಟ್ಟು ಕತ್ತಲೆಯ, ತಂಪಾದ, ಒಣ ಜಾಗದಲ್ಲಿ ನಿಲ್ಲಿಸಿಡಿ. ಕಾಗದದ ಲೇಬಲ್ ಅಂಟಿಸಬೇಡಿ.

ಈಗಾಗಲೇ ಬರೆದಿರುವ ಡಿಸ್ಕುಗಳನ್ನು ಎಸೆಯುವ ಅಗತ್ಯವಿಲ್ಲ. ತಂದೆಯವರ ಧ್ವನಿ ಇರುವವುಗಳಿಗೆ ಮಾತ್ರ, ಇನ್ನೂ ಸರಾಗವಾಗಿ ಓದಲು ಬರುತ್ತಿರುವಾಗಲೇ, ಬೇರೆ ತಯಾರಕರ ಡಿಸ್ಕಿನಲ್ಲೂ ಒಂದು ಹಾರ್ಡ್ ಡಿಸ್ಕಿನಲ್ಲೂ ಪ್ರತಿ ಮಾಡಿಟ್ಟುಕೊಳ್ಳಿ.