ಓದುಗರ ಪ್ರಶ್ನೆ: ಆ 160 ಎಕರೆ ಎಲ್ಲಿಂದ ಬಂತು?

ಪ್ರಶ್ನೆ: 1862ರ ಹೋಮ್‌ಸ್ಟೆಡ್ ಕಾಯ್ದೆಯ ಮೂಲಕ ಅಮೆರಿಕ ಸರ್ಕಾರವು ಪಶ್ಚಿಮಕ್ಕೆ ಹೋಗಿ ನೆಲೆಸಿದವರಿಗೆ ತಲಾ 160 ಎಕರೆ ಜಮೀನನ್ನು ಉಚಿತವಾಗಿ ಹಂಚಿತೆಂದು ಓದಿದ್ದೇನೆ. ಅಷ್ಟೊಂದು ಭೂಮಿ ಸರ್ಕಾರದ ಕೈಗೆ ಬಂದದ್ದು ಹೇಗೆ? ಅಲ್ಲಿ ಮೊದಲು ಯಾರೂ ಇರಲಿಲ್ಲವೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದ್ದರು. ಅವರಿಂದ ಆ ನೆಲವನ್ನು ಬಿಡಿಸಿಕೊಂಡ ಬಗೆಯನ್ನು ತಿಳಿಯದೆ ಈ ಕಾಯ್ದೆಯನ್ನು ಅರ್ಥ ಮಾಡಿಕೊಳ್ಳಲಾಗದು. 1803ರಲ್ಲಿ ಫ್ರಾನ್ಸಿನಿಂದ ಒಂದೂವರೆ ಕೋಟಿ ಡಾಲರಿಗೆ ಲೂಸಿಯಾನ ಪ್ರಾಂತ್ಯವನ್ನು ಕೊಂಡಾಗಲೂ 1848ರಲ್ಲಿ ಯುದ್ಧದಲ್ಲಿ ಸೋತ ಮೆಕ್ಸಿಕೊದಿಂದ ಕ್ಯಾಲಿಫೋರ್ನಿಯ ಮತ್ತು ನೈರುತ್ಯದ ಪ್ರದೇಶಗಳನ್ನು ಪಡೆದಾಗಲೂ, ಲಕೋಟ, ಷೈಯೆನ್, ಪಾನೀ, ಕೊಮಾಂಚಿ ಮೊದಲಾದ ಮೂಲನಿವಾಸಿ ಜನಾಂಗಗಳು ತಮ್ಮ ತಮ್ಮ ನೆಲದಲ್ಲಿಯೇ ಬದುಕುತ್ತಿದ್ದವು. ಅವರಿಗೆ ಅನುಭೋಗದ ಹಕ್ಕಿದೆಯೆಂದು ಅಮೆರಿಕದ ಸುಪ್ರೀಂ ಕೋರ್ಟೇ 1823ರಲ್ಲಿ ಒಪ್ಪಿತ್ತು. ಆದರೆ ಆ ಹಕ್ಕನ್ನು ಕ್ರಯದಿಂದಲೋ ಯುದ್ಧದಿಂದಲೋ ಕೊನೆಗೊಳಿಸುವ ಅಧಿಕಾರ ಸರ್ಕಾರಕ್ಕೆ ಮಾತ್ರ ಇದೆಯೆಂದು ಅದೇ ತೀರ್ಪು ಹೇಳಿತು. ಮುಂದಿನ ದಶಕಗಳಲ್ಲಿ ನಡೆದ ಒಪ್ಪಂದಗಳು, ಗಡೀಪಾರುಗಳು ಮತ್ತು ದಂಡಯಾತ್ರೆಗಳೆಲ್ಲ ಈ ಅಧಿಕಾರವನ್ನು ಬಳಸಿದ ರೀತಿಗಳೇ.

ಒಪ್ಪಂದಗಳ ಗತಿ ಏನಾಯಿತೆಂಬುದಕ್ಕೆ ಬ್ಲ್ಯಾಕ್ ಹಿಲ್ಸ್ ಪ್ರಕರಣವನ್ನು ನೋಡಬೇಕು. 1868ರ ಫೋರ್ಟ್ ಲಾರಮಿ ಒಪ್ಪಂದವು ಇಂದಿನ ದಕ್ಷಿಣ ಡಕೋಟ ರಾಜ್ಯದಲ್ಲಿ ಮಿಸೌರಿ ನದಿಯ ಪಶ್ಚಿಮಕ್ಕಿರುವ ನೆಲವನ್ನು, ಬ್ಲ್ಯಾಕ್ ಹಿಲ್ಸ್ ಬೆಟ್ಟಗಳೂ ಸೇರಿದಂತೆ, ಲಕೋಟರನ್ನು ಒಳಗೊಂಡ ಸೂ ಜನಾಂಗಕ್ಕೆ ಮೀಸಲಿಟ್ಟಿತು. ವಯಸ್ಕ ಪುರುಷರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಸಹಿ ಹಾಕದೆ ಈ ನೆಲದ ಯಾವ ಭಾಗವನ್ನೂ ಬಿಟ್ಟುಕೊಡುವಂತಿಲ್ಲವೆಂದು ಅದರ ಹನ್ನೆರಡನೆಯ ವಿಧಿ ಸ್ಪಷ್ಟವಾಗಿ ಹೇಳಿತ್ತು. 1874ರಲ್ಲಿ ಕಸ್ಟರ್‌ನ ಸೈನಿಕ ತಂಡವು ಅಲ್ಲಿ ಚಿನ್ನ ಇರುವ ಸುದ್ದಿ ತಂದ ಮೇಲೆ ಗಣಿಗಾರರು ನುಗ್ಗಿದರು. ಸರ್ಕಾರ ಬೆಟ್ಟಗಳನ್ನು ಕೊಳ್ಳಲು ಮುಂದಾದಾಗ ಸೂ ಜನ ಒಪ್ಪಲಿಲ್ಲ. 1876ರಲ್ಲಿ ಯುದ್ಧ ನಡೆಯಿತು. ಬೆಟ್ಟಗಳನ್ನು ಬಿಟ್ಟುಕೊಡುವವರೆಗೆ ಸೂ ಜನರಿಗೆ ಪಡಿತರವಿಲ್ಲವೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿತು. ಹಾಗಿದ್ದೂ ಸಹಿ ಹಾಕಿದವರು ನೂರಕ್ಕೆ ಹತ್ತರಷ್ಟು ಮಾತ್ರ. 1877ರಲ್ಲಿ ಕಾಂಗ್ರೆಸ್ ತಾನೇ ಕಾಯ್ದೆ ಮಾಡಿ ನೆಲವನ್ನು ತೆಗೆದುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟ್ ಬಡ್ಡಿಸಹಿತ ಹತ್ತು ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ಎತ್ತಿಹಿಡಿದರೂ, ತಮಗೆ ಬೇಕಾದದ್ದು ಬೆಟ್ಟಗಳೇ ಎಂದು ಸೂ ಜನ ಆ ಹಣವನ್ನು ಮುಟ್ಟಿಲ್ಲ. ಅವರ ಈ ನಿಲುವು ನನ್ನ ದೃಷ್ಟಿಯಲ್ಲಿ ಸಂಪೂರ್ಣ ನ್ಯಾಯವಾದುದು.

ಹೀಗೆ ಬಿಡಿಸಿಕೊಂಡ ನೆಲದ ಮೇಲೆ ಮೋಜಣಿದಾರರು ಬಂದರು. 1785ರ ಭೂ ಶಾಸನದ ಪ್ರಕಾರ ಅವರು 66 ಅಡಿಯ ಸರಪಳಿ ಹಿಡಿದು, 80 ಸರಪಳಿಗೆ ಒಂದು ಮೈಲಿಯಂತೆ ಅಳೆದು, ನದಿ ಗುಡ್ಡಗಳನ್ನು ಲೆಕ್ಕಿಸದೆ ಭೂಮಿಯನ್ನು ಚದರ ಮೈಲಿಗಳಾಗಿ ವಿಭಾಗಿಸುತ್ತಿದ್ದರು. ಒಂದು ಚದರ ಮೈಲಿಗೆ 640 ಎಕರೆ. ಅದರ ಕಾಲುಭಾಗವೇ ನೀವು ಕೇಳಿರುವ 160 ಎಕರೆ. ನಮ್ಮ ಪಹಣಿಯಲ್ಲಿ 40 ಗುಂಟೆಯೆಂದು ಬರೆಯುವ ಎಕರೆಯೂ ಇದೇ ಅಳತೆಯದು. 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರು, ಅವಿವಾಹಿತ ಸ್ತ್ರೀಯರು ಮತ್ತು ವಿಧವೆಯರು ಕೂಡ, ಸುಮಾರು 18 ಡಾಲರ್ ಶುಲ್ಕ ಕಟ್ಟಿ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದ್ದಕ್ಕೆ ಇಬ್ಬರು ಸಾಕ್ಷಿಗಳು ಹೇಳಿಕೆ ಕೊಟ್ಟರೆ ಹಕ್ಕುಪತ್ರ ದೊರೆಯುತ್ತಿತ್ತು. ಬಡವರಿಗೆ ಇದು ದೊಡ್ಡ ಆಸರೆಯಾಯಿತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ಎಷ್ಟೋ ಕಪ್ಪು ಜನರೂ ಕ್ಯಾನ್ಸಸ್‌ನಲ್ಲಿ ಹೀಗೆಯೇ ನೆಲೆ ಕಂಡುಕೊಂಡರು.

ಮೂಲನಿವಾಸಿಗಳಿಗೆ ಉಳಿದಿದ್ದ ಮೀಸಲು ನೆಲವೂ ಹಾಗೆಯೇ ಉಳಿಯಲಿಲ್ಲ. 1887ರ ಡಾಸ್ ಕಾಯ್ದೆಯು ಸಮುದಾಯದ ಒಡೆತನದಲ್ಲಿದ್ದ ಭೂಮಿಯನ್ನು ಕುಟುಂಬ ಮತ್ತು ವ್ಯಕ್ತಿಗಳ ಹೆಸರಿಗೆ ಹಂಚಿ, ಮಿಕ್ಕಿದ್ದನ್ನು ಹೊರಗಿನವರಿಗೆ ತೆರೆದಿಟ್ಟಿತು. ಸುಮಾರು 13.8 ಕೋಟಿ ಎಕರೆ ಇದ್ದ ಅವರ ಭೂಮಿ 1934ರ ಹೊತ್ತಿಗೆ 4.8 ಕೋಟಿ ಎಕರೆಗೆ ಇಳಿದಿತ್ತು.

ಪ್ರಶ್ನೆ: ಹೀಗೆ ಜಮೀನು ಪಡೆದವರೆಲ್ಲ ಅನುಕೂಲಸ್ಥರಾದರೆ?
— ಅದೇ ಓದುಗರು

ಉತ್ತರ: ಇಲ್ಲ. ಮರವೇ ಇಲ್ಲದ ಹುಲ್ಲುಗಾವಲಿನಲ್ಲಿ ಮನೆ ಕಟ್ಟಲು, ಬೇರುಸಹಿತ ಮೇಲ್ಮಣ್ಣನ್ನು ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಎಬ್ಬಿಸಿ, ಹುಲ್ಲಿನ ಮುಖ ಕೆಳಗಾಗುವಂತೆ ಒಂದರ ಮೇಲೊಂದು ಪೇರಿಸಿ ಗೋಡೆ ಏರಿಸುತ್ತಿದ್ದರು. ಮಳೆ ಬಂದರೆ ಮಾಡಿನಿಂದ ಕೆಸರು ಸುರಿಯುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ನೀರಿನದು. ಅಮೆರಿಕದ ನಡುವೆ ಉತ್ತರ-ದಕ್ಷಿಣವಾಗಿ ಹಾಯುವ 100ನೆಯ ರೇಖಾಂಶದ ಪಶ್ಚಿಮಕ್ಕೆ ವರ್ಷದ ಮಳೆ ಸಾಮಾನ್ಯವಾಗಿ 20 ಅಂಗುಲಕ್ಕಿಂತ ಕಡಿಮೆಯಿದ್ದು, ನೀರಾವರಿಯಿಲ್ಲದೆ 160 ಎಕರೆಯಲ್ಲಿ ಒಂದು ಸಂಸಾರ ಬದುಕಲಾರದೆಂದು ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ 1878ರ ವರದಿಯಲ್ಲಿಯೇ ಎಚ್ಚರಿಸಿ, ಮೇವುಗಾವಲಿನ ನೆಲದಲ್ಲಿ ಪ್ರತಿ ಕುಟುಂಬಕ್ಕೆ 2,560 ಎಕರೆ ಕೊಡಬೇಕೆಂದು ಸೂಚಿಸಿದ್ದರು. ಕಾಂಗ್ರೆಸ್ ಅದನ್ನು ಒಪ್ಪಲಿಲ್ಲ; ಬೆಳೆ ಒಣಗಿ ಅನೇಕರು ಹಕ್ಕುಪತ್ರ ಸಿಗುವ ಮೊದಲೇ ಊರು ಬಿಟ್ಟರು. ಒಣಭೂಮಿಗೆ 320 ಎಕರೆ ನೀಡುವ ಕಾಯ್ದೆ ಬಂದದ್ದು 1909ರಲ್ಲಿ.